ಬಿ.ಇ. ಮುಗಿದ ಮನೆಯಲ್ಲಿ ಎಂ.ಟೆಕ್. ಮಾತು

(ಟ್ರಸ್ಟಿನ ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ, ವಿದ್ಯಾರ್ಥಿವೇತನ ಸಮಿತಿಯ ಪರವಾಗಿ ದಾವಣಗೆರೆಯಲ್ಲಿ ಮಾಡಿದ ಭಾಷಣದ ಪಠ್ಯ)



 

ವರ್ಷದ ಜಮಾ-ಖರ್ಚು ನಿಮ್ಮ ಕೈಯಲ್ಲಿರುವ ವರದಿಯಲ್ಲೇ ಅಚ್ಚಾಗಿದೆ. ಅದನ್ನು ಇಲ್ಲಿ ಓದಿ ನಿಮ್ಮ ಸಮಯ ತೆಗೆದುಕೊಳ್ಳುವುದಿಲ್ಲ. ಅದರಲ್ಲಿರುವ ಒಂದೇ ಒಂದು ಬಾಬಿನ ಬಗ್ಗೆ ಮಾತನಾಡಬೇಕೆಂದು ಸಮಿತಿ ತೀರ್ಮಾನಿಸಿದೆ. ಎಂಜಿನಿಯರಿಂಗ್ ಸ್ನಾತಕೋತ್ತರ ವಿದ್ಯಾರ್ಥಿಗಳಿಗಾಗಿ, ಅಂದರೆ ಎಂ.ಟೆಕ್. ಓದುವವರಿಗಾಗಿ, ಇಟ್ಟಿರುವ ಹಣ ಅದು. ಪಿ.ಯು.ಸಿ., ಡಿಪ್ಲೊಮಾ, ಬಿ.ಇ. ಮಕ್ಕಳ ಅರ್ಜಿಗೆ ಹಣ ಸಾಲುವುದಿಲ್ಲ. ಎಂ.ಟೆಕ್. ಬಾಬಿನಲ್ಲಿ ಮಾತ್ರ ಹಣ ಉಳಿಯುತ್ತದೆ. ಮಕ್ಕಳಿಗೆ ಬೇಡವಾಗಿದ್ದಕ್ಕೆ ಉಳಿಯುತ್ತಿದೆಯೋ, ನಾವು ಕೊಡುವ ರೀತಿ ಸರಿಯಿಲ್ಲದ್ದಕ್ಕೆ ಉಳಿಯುತ್ತಿದೆಯೋ ಎಂದು ಈ ವರ್ಷ ಕೂತು ವಿಚಾರ ಮಾಡಿದೆವು. ತಪ್ಪು ಬಹಳ ಮಟ್ಟಿಗೆ ನಮ್ಮದೇ ಎಂದು ಗೊತ್ತಾಯಿತು. ಅದನ್ನು ಮುಚ್ಚಿಡದೆ ಹೇಳುವುದೇ ಇವತ್ತಿನ ಭಾಷಣದ ಉದ್ದೇಶ.

ಹಿಂದೊಂದು ವರ್ಷ ಹರಿಹರದ ಒಬ್ಬ ಹೆಣ್ಣುಮಗಳು ಅರ್ಜಿ ಹಾಕಿದ್ದಳು. ತಂದೆ ಲೇತ್ ಕೆಲಸಗಾರರು, ತಾಯಿ ಮನೆಯಲ್ಲೇ ಬೀಡಿ ಕಟ್ಟುವವರು. ಬಿ.ಇ.ಯಲ್ಲಿ ಡಿಸ್ಟಿಂಕ್ಷನ್ ಬಂದಿತ್ತು, ಎಂ.ಟೆಕ್. ಸೀಟೂ ಸಿಕ್ಕಿತ್ತು. ನಮ್ಮ ಸಮಿತಿ ಅರ್ಜಿ ನೋಡಿತು, ಮೆಚ್ಚಿತು, ಮಂಜೂರು ಮಾಡಿತು. ಆದರೆ ಚೆಕ್ಕುಗಳನ್ನೆಲ್ಲ ಒಟ್ಟಿಗೆ ವೇದಿಕೆಯ ಮೇಲೆ ಕೊಡುವುದು ನಮ್ಮ ಪದ್ಧತಿಯಾಗಿತ್ತು. ಅತಿಥಿಗಳ ದಿನಾಂಕ ಕೂಡಿಬರಲಿಲ್ಲ, ಸಮಾರಂಭ ಮುಂದಕ್ಕೆ ಹೋಯಿತು. ಅಷ್ಟರಲ್ಲಿ ಶುಲ್ಕ ಕಟ್ಟುವ ಗಡುವು ಮುಗಿಯಿತು, ಸೀಟು ಹೋಯಿತು. ಚೆಕ್ ತೆಗೆದುಕೊಳ್ಳಲು ಆಕೆಯ ತಂದೆ ಬರಲಿಲ್ಲ. ಫೋನ್ ಮಾಡಿದಾಗ, "ಇರಲಿ ಬಿಡಿ ಸಾಹೇಬರೇ, ಬೇರೆ ಯಾರಿಗಾದರೂ ಕೊಡಿ" ಎಂದರು. ಅವರ ಮಾತಿನಲ್ಲಿ ಸಿಟ್ಟೇ ಇರಲಿಲ್ಲ. ಅದಕ್ಕೇ ಆ ಮಾತು ನಮಗೆ ಇನ್ನೂ ಮರೆತಿಲ್ಲ.

ಆ ಮಗಳು ಈಗ ಎಲ್ಲಿದ್ದಾಳೆ, ಏನು ಮಾಡುತ್ತಿದ್ದಾಳೆ ಎಂದು ಇಲ್ಲಿ ಹೇಳುವುದಿಲ್ಲ. ಅದು ಆಕೆಯ ಬದುಕು. ಆಕೆಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು ಎನ್ನುವುದು ಮಾತ್ರ ನಮ್ಮ ಹೊಣೆ.

ಹಿರಿಯರೇ, ಈ ಎರಡನೇ ಪದವಿಯ ಹೊಸ್ತಿಲಲ್ಲಿ ನಮ್ಮ ಮಕ್ಕಳು ನಿಂತುಬಿಡುವುದು ಬರೀ ನಮ್ಮೂರಿನ ಮಾತಲ್ಲ. 2006ರ ಸಾಚಾರ್ ಸಮಿತಿಯ ವರದಿ ದೇಶದ ಪ್ರತಿಷ್ಠಿತ ಕಾಲೇಜುಗಳ ಲೆಕ್ಕ ಕೊಟ್ಟಿತ್ತು. ಪದವಿ ತರಗತಿಗಳಲ್ಲಿ 25 ವಿದ್ಯಾರ್ಥಿಗಳಿಗೆ ಒಬ್ಬರು ಮುಸ್ಲಿಮರು. ಸ್ನಾತಕೋತ್ತರ ತರಗತಿಗಳಿಗೆ ಬಂದರೆ 50 ಜನರಿಗೆ ಒಬ್ಬರು. ಪದವಿಯವರೆಗೆ ಬಂದವರು ಬುದ್ಧಿ ಇಲ್ಲದೆ ಬಂದವರಲ್ಲ. ಅಲ್ಲಿಂದ ಮುಂದಕ್ಕೆ ಅವರ ಪಾಲು ಅರ್ಧಕ್ಕೆ ಇಳಿಯುವುದಕ್ಕೆ ಕಾರಣ ಬೇರೆ ಇದೆ.

ಆ ಕಾರಣ ನಮ್ಮ ಮನೆಗಳಲ್ಲೇ ಇದೆ. ಮಂಡಕ್ಕಿ ಭಟ್ಟಿಯ ಬಿಸಿಯಲ್ಲಿ ನಿಂತು ದುಡಿದ ತಂದೆ, ಗ್ಯಾರೇಜಿನ ಮೆಕ್ಯಾನಿಕ್, ಆಟೋ ಓಡಿಸುವ ಅಣ್ಣ, ಬೀಡಿ ಕಟ್ಟುವ ಅಮ್ಮಿ ನಾಲ್ಕು ವರ್ಷ ಹೇಗೋ ತಡೆದುಕೊಂಡಿರುತ್ತಾರೆ. ಹರಿಹರದಲ್ಲಿ ಕಿರ್ಲೋಸ್ಕರ್ ಕಾರ್ಖಾನೆ ನಡೆಯುತ್ತಿದ್ದಾಗ ಅಲ್ಲಿ ತಯಾರಾದ ಲೇತ್ ಯಂತ್ರಗಳು ದೇಶದ ಎಷ್ಟೋ ವರ್ಕ್‌ಶಾಪುಗಳಿಗೆ ಹೋದವು. ಅದು ಮುಚ್ಚಿ ಎರಡು ದಶಕ ದಾಟಿತು. ದಾವಣಗೆರೆಯ ಹತ್ತಿ ಗಿರಣಿಗಳ ಕಾಲವೂ ಮುಗಿಯಿತು. ತಿಂಗಳ ಸಂಬಳದ ಮನೆಗಳು ದಿನಗೂಲಿಯ ಮನೆಗಳಾದವು. ಅಂಥ ಮನೆಯಲ್ಲಿ ಮಗ ಬಿ.ಇ. ಮುಗಿಸಿದ ಅಂದರೆ ದುಡಿಯುವ ಕೈ ಬಂತು ಅಂತ ಅರ್ಥ. ಮಗಳು ಮುಗಿಸಿದಳು ಅಂದರೆ ಮದುವೆಯ ಮಾತು ಶುರುವಾಯಿತು ಅಂತ ಅರ್ಥ. ಇನ್ನೂ ಎರಡು ವರ್ಷ ಓದುತ್ತೇನೆ ಎಂದು ಹೇಳಲು ಮಕ್ಕಳಿಗೆ ಬಾಯಿ ಬರುವುದಿಲ್ಲ. ತಂದೆ-ತಾಯಿಯನ್ನು ನಾವು ದೂರುವುದಿಲ್ಲ. ಅವರು ಹಾಕುವ ಲೆಕ್ಕ ಸರಿಯಾಗಿಯೇ ಇದೆ. ಆ ಲೆಕ್ಕದಲ್ಲಿ ಸೇರದೆ ಉಳಿದ ಒಂದು ಜಮೆಯನ್ನು ನಾವು ಇವತ್ತು ಹೇಳಬೇಕಾಗಿದೆ.

ಆ ಜಮೆಯ ಹೆಸರು ಗೇಟ್ ಶಿಷ್ಯವೇತನ.

ಗೇಟ್ ಪರೀಕ್ಷೆ ಐ.ಐ.ಟಿ.ಗೆ ಹೋಗುವವರಿಗೆ ಮಾತ್ರ ಎಂದು ನಮ್ಮ ಮಕ್ಕಳಲ್ಲಿ ಬಹಳ ಜನ ತಿಳಿದಿದ್ದಾರೆ. ಅದು ತಪ್ಪು ತಿಳಿವಳಿಕೆ. ಗೇಟ್‌ನಲ್ಲಿ ಅರ್ಹತೆ ಪಡೆದು, ಎ.ಐ.ಸಿ.ಟಿ.ಇ. ಮಾನ್ಯತೆ ಇರುವ ಕಾಲೇಜಿನಲ್ಲಿ ಪೂರ್ಣಾವಧಿ ಎಂ.ಟೆಕ್. ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ಸಿಗುತ್ತದೆ. ಕೋರ್ಸ್ ಮುಗಿಯುವವರೆಗೆ, ಹೆಚ್ಚೆಂದರೆ 24 ತಿಂಗಳು. ಲೆಕ್ಕ ಹಾಕಿ ನೋಡಿ, ಒಟ್ಟು 2,97,600 ರೂಪಾಯಿ. ನಮ್ಮಂಥ ಟ್ರಸ್ಟ್ ಒಬ್ಬ ವಿದ್ಯಾರ್ಥಿಗೆ ಇಷ್ಟು ಕೊಡುವುದು ಕಷ್ಟ. ಮನೆಗೆ ಭಾರವಾಗದೆ ಓದುವ ದಾರಿ ಇದು. ಇದಕ್ಕೆ ಐ.ಐ.ಟಿ. ರ‍್ಯಾಂಕ್ ಬೇಕಿಲ್ಲ, ಅರ್ಹತೆಯ ಅಂಕ ಬಂದರೆ ಸಾಕು. ಆ ಅಂಕ ಪ್ರತಿ ಪತ್ರಿಕೆಗೂ ಪ್ರತಿ ವರ್ಷವೂ ಬೇರೆ ಬೇರೆ ಇರುತ್ತದೆ. ಸಾಮಾನ್ಯ ವರ್ಗಕ್ಕೆ 100ಕ್ಕೆ 25ಕ್ಕಿಂತ ಕೆಳಗೆ ಇರುವುದಿಲ್ಲ. ರ‍್ಯಾಂಕ್ ಚೆನ್ನಾಗಿ ಬಂದರೆ ಸುರತ್ಕಲ್ಲಿನ ಎನ್.ಐ.ಟಿ.ಕೆ., ಧಾರವಾಡದ ಐ.ಐ.ಟಿ., ಬೆಂಗಳೂರಿನ ಐ.ಐ.ಎಸ್ಸಿ. ಬಾಗಿಲೂ ತೆರೆಯುತ್ತದೆ. ಬರದಿದ್ದರೂ ನಮ್ಮ ಊರಿನಲ್ಲೇ ಎಂ.ಟೆಕ್. ಇದೆ.

ಇದರಲ್ಲಿ ಎಡವುವ ಜಾಗಗಳಿವೆ. ಮಕ್ಕಳು ಇದನ್ನು ಗಮನವಿಟ್ಟು ಕೇಳಬೇಕು.

ಒಂದನೆಯದು, ಎಂ.ಟೆಕ್.ಗೆ ಸೇರುವ ಹೊತ್ತಿಗೇ ಗೇಟ್ ಅರ್ಹತೆ ಕೈಯಲ್ಲಿರಬೇಕು. ಮೊದಲು ಸೇರಿ, ಆಮೇಲೆ ಗೇಟ್ ಬರೆದು ಪಾಸಾದರೆ ಈ ಹಣ ಬರುವುದಿಲ್ಲ. ಗೇಟ್ ಅಂಕ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ. ಬಿ.ಇ. ಮೂರನೇ ವರ್ಷದಲ್ಲಿರುವಾಗಲೇ ಪರೀಕ್ಷೆ ಬರೆಯಬಹುದು. ಆದ್ದರಿಂದ ಎಂ.ಟೆಕ್. ಬಗ್ಗೆ ಯೋಚಿಸುವ ಕಾಲ ಬಿ.ಇ. ಮುಗಿದ ಮೇಲಲ್ಲ, ಮೂರನೇ ವರ್ಷದಲ್ಲೇ.

ಎರಡನೆಯದು, ಬ್ಯಾಂಕ್ ಖಾತೆ ವಿದ್ಯಾರ್ಥಿಯ ಹೆಸರಿನಲ್ಲೇ ಇರುವ ಸಾಮಾನ್ಯ ಉಳಿತಾಯ ಖಾತೆಯಾಗಿರಬೇಕು, ಆಧಾರ್ ಜೋಡಣೆಯಾಗಿರಬೇಕು. ಅಬ್ಬಾನ ಜೊತೆಗಿನ ಜಂಟಿ ಖಾತೆ ನಡೆಯುವುದಿಲ್ಲ. ವಹಿವಾಟಿಗೆ ಮಿತಿ ಇರುವ ಜನಧನ್ ಖಾತೆಯೂ ನಡೆಯುವುದಿಲ್ಲ. ನಮ್ಮ ಮನೆಗಳಲ್ಲಿ ಇರುವುದು ಹೆಚ್ಚಾಗಿ ಇವೇ ಎರಡು.

ಮೂರನೆಯದು, ಕಾಲೇಜು ವಿದ್ಯಾರ್ಥಿಯ ವಿವರವನ್ನು ಗಡುವಿನೊಳಗೆ ಪೋರ್ಟಲ್‌ನಲ್ಲಿ ದೃಢಪಡಿಸಬೇಕು, ಆಮೇಲೆ ತಿಂಗಳು ತಿಂಗಳೂ ಹಾಜರಾತಿ ಖಚಿತಪಡಿಸಬೇಕು. ಕಚೇರಿಯಲ್ಲಿ ಆ ಕೆಲಸ ನೋಡುವವರು ಯಾರು ಎಂದು ಸೇರಿದ ವಾರವೇ ಕೇಳಿ ತಿಳಿದುಕೊಳ್ಳಿ. ಕೇಳುವುದಕ್ಕೆ ಸಂಕೋಚಪಟ್ಟರೆ ನಷ್ಟ ನಿಮ್ಮದೇ.

ನಾಲ್ಕನೆಯದು, ಈ ಶಿಷ್ಯವೇತನ ಪಡೆಯುವವರು ಜೊತೆಗೆ ಬೇರೆ ವಿದ್ಯಾರ್ಥಿವೇತನ ಪಡೆಯುವಂತಿಲ್ಲ. ನಮ್ಮ ಹಳೆಯ ನಿಯಮದ ಇನ್ನೊಂದು ದೋಷ ಇಲ್ಲಿತ್ತು. ನಾವು ಕೊಡುತ್ತಿದ್ದ ಸಣ್ಣ ಮೊತ್ತಕ್ಕಾಗಿ ವಿದ್ಯಾರ್ಥಿಯ ದೊಡ್ಡ ಮೊತ್ತಕ್ಕೇ ಕುತ್ತು ಬರುವಂತಿತ್ತು.

ಇಷ್ಟೆಲ್ಲ ಸರಿ ಮಾಡಿದರೂ ಮೊದಲ ಕಂತು ಕೈಗೆ ಬರುವಷ್ಟರಲ್ಲಿ ತಿಂಗಳುಗಳು ಕಳೆಯಬಹುದು. ಪ್ರವೇಶ ಶುಲ್ಕ, ಹಾಸ್ಟೆಲ್ ಮುಂಗಡ, ಪುಸ್ತಕ, ಬಸ್ ಪಾಸ್ ಎಲ್ಲವೂ ಆ ತಿಂಗಳುಗಳಲ್ಲೇ ಬರುತ್ತವೆ. ಬ್ಯಾಂಕಿನ ಶೈಕ್ಷಣಿಕ ಸಾಲ ಇದೆಯಲ್ಲ ಎನ್ನಬಹುದು. ಆದರೆ ಬಡ್ಡಿಯ ಕಾರಣಕ್ಕೆ ಆ ಬಾಗಿಲು ತಟ್ಟದ ಮನೆಗಳು ನಮ್ಮಲ್ಲಿ ಎಷ್ಟಿವೆ ಎಂಬುದು ನಿಮಗೆ ಗೊತ್ತು. ಆಗ ಮನೆಯ ಹೆಂಗಸರ ಬಂಗಾರ ಅಡವಿಗೆ ಹೋಗುತ್ತದೆ, ಇಲ್ಲವೇ ಓದು ನಿಲ್ಲುತ್ತದೆ.

ಬಂಗಾರದ ಮಾತು ಬಂದಾಗ ಅಬ್ದುಲ್ ಕಲಾಂ ಅವರ ಅಕ್ಕ ನೆನಪಾಗುತ್ತಾರೆ. ಕಲಾಂ ತಿರುಚಿನಾಪಳ್ಳಿಯಲ್ಲಿ ಬಿ.ಎಸ್ಸಿ. ಮುಗಿಸಿ, ಮದರಾಸಿನ ಎಂ.ಐ.ಟಿ.ಯಲ್ಲಿ ಎಂಜಿನಿಯರಿಂಗ್ ಸೇರುವಾಗ ಪ್ರವೇಶಕ್ಕೆ ಸುಮಾರು ಸಾವಿರ ರೂಪಾಯಿ ಬೇಕಿತ್ತು. ತಂದೆಯ ಹತ್ತಿರ ಅಷ್ಟಿರಲಿಲ್ಲ. ಅಕ್ಕ ಜೊಹರಾ ತಮ್ಮ ಬಳೆ, ಸರ ಅಡವಿಟ್ಟು ಕೊಟ್ಟರು. ಈ ಕಥೆಯನ್ನು ಎಲ್ಲ ಸಮಾರಂಭಗಳಲ್ಲೂ ಹೇಳುತ್ತೇವೆ, ಚಪ್ಪಾಳೆ ಬೀಳುತ್ತದೆ. ಆದರೆ ಒಂದು ಜಮಾಅತ್ ಆಗಿ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ. ಇಷ್ಟು ವರ್ಷ ಆದ ಮೇಲೂ ಅಕ್ಕಂದಿರ ಬಳೆಯೇ ನಮ್ಮ ವಿದ್ಯಾರ್ಥಿನಿಧಿಯಾಗಿರಬೇಕೇ? ಆ ಅಕ್ಕನಿಗೇ ಓದಬೇಕು ಅನ್ನಿಸಿದರೆ ಯಾರ ಬಳೆ ಅಡವಿಡುವುದು?

ನಮ್ಮ ನಾಡಿನಲ್ಲೇ ಇನ್ನೊಂದು ನಿದರ್ಶನವಿದೆ. ಇಲ್ಲಿ ಎಂಜಿನಿಯರಿಂಗ್ ಓದುವ ಬಹಳಷ್ಟು ಮಕ್ಕಳ ಪದವಿ ಪ್ರಮಾಣಪತ್ರದ ಮೇಲೆ ಇರುವ ಹೆಸರು ಸರ್ ಎಂ. ವಿಶ್ವೇಶ್ವರಯ್ಯನವರದು. ಅವರು ಚಿಕ್ಕವರಿದ್ದಾಗಲೇ ತಂದೆ ತೀರಿಕೊಂಡರು. ಬೆಂಗಳೂರಿನಲ್ಲಿ ಮನೆಪಾಠ ಹೇಳಿಕೊಂಡು ಓದಿ 1881ರಲ್ಲಿ ಬಿ.ಎ. ಮಾಡಿದರು. ಅಲ್ಲಿಗೇ ನಿಂತು ಯಾವುದಾದರೂ ಕಚೇರಿ ಸೇರಿದ್ದರೆ ಯಾರೂ ತಪ್ಪು ಎನ್ನುತ್ತಿರಲಿಲ್ಲ. ಮೈಸೂರು ಸರ್ಕಾರದ ನೆರವು ಸಿಕ್ಕಿದ್ದರಿಂದ ಪುಣೆಗೆ ಹೋಗಿ ಎಂಜಿನಿಯರಿಂಗ್ ಓದಿದರು. ಮುಂದಿನದು ನಿಮಗೆಲ್ಲ ಗೊತ್ತಿದೆ. ಕಲಾಂ ಆಗಲಿ, ವಿಶ್ವೇಶ್ವರಯ್ಯ ಆಗಲಿ, ಮೊದಲ ಪದವಿ ಹೇಗೋ ಮುಗಿಸಿದ್ದರು. ನೆರವು ಬೇಕಾದದ್ದು ಎರಡನೆಯದಕ್ಕೆ, ಅದೂ ಸರಿಯಾದ ಹೊತ್ತಿಗೆ.

ನಮ್ಮ ಊರಿಗೂ ದಾನದ ಈ ಪಾಠ ಹೊಸದಲ್ಲ. ದಾವಣಗೆರೆಯಲ್ಲಿ 1951ರಲ್ಲಿ ಆರಂಭವಾದ ಎಂಜಿನಿಯರಿಂಗ್ ಕಾಲೇಜನ್ನು ಇವತ್ತಿಗೂ ಬಿ.ಡಿ.ಟಿ. ಎನ್ನುತ್ತೇವೆ. ಆ ಮೂರು ಅಕ್ಷರ ಬ್ರಹ್ಮಪ್ಪ ದೇವೇಂದ್ರಪ್ಪ ತವನಪ್ಪನವರ ಎಂಬ ದಾನಿಯ ಹೆಸರು. 1979ರಲ್ಲಿ ಬಾಪೂಜಿ ಕಾಲೇಜು ಬಂತು, ಆಮೇಲೆ ಇನ್ನೂ ಕೆಲವು ಬಂದವು. ಹರಿಹರದ ಹುಡುಗಿ ಬೆಳಿಗ್ಗೆ ಬಸ್ ಹತ್ತಿ, ಕಾಲೇಜು ಮುಗಿಸಿ ಸಂಜೆ ಮನೆಗೆ ಬರುವಷ್ಟು ಹತ್ತಿರದಲ್ಲಿ ಇವೆಲ್ಲ ಇವೆ. ಕಟ್ಟಡ ಕಟ್ಟುವ ಕೆಲಸವನ್ನು ಹಿಂದಿನವರು ಮಾಡಿಕೊಟ್ಟಿದ್ದಾರೆ. ಒಳಗೆ ಕಳಿಸುವ ಕೆಲಸ ನಮ್ಮದು.

ಎಂ.ಟೆಕ್. ಮಾಡಿ ಏನು ಸಿಗುತ್ತದೆ ಎಂದು ತಂದೆಯಂದಿರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಕೈಯಲ್ಲಿ ಒಳ್ಳೆಯ ಕೆಲಸ ಇದ್ದು, ಮನೆಯಲ್ಲಿ ಅಡಚಣೆ ಇದ್ದರೆ ಕೆಲಸಕ್ಕೇ ಹೋಗಿ ಎಂದು ನಾವೂ ಹೇಳುತ್ತೇವೆ. ಆದರೆ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕರಾಗಲು ಬಿ.ಇ. ಸಾಲದು, ಎಂ.ಟೆಕ್. ಬೇಕೇ ಬೇಕು. ವಿನ್ಯಾಸ, ಸಂಶೋಧನೆಯ ಕೆಲಸಗಳಲ್ಲೂ ಅದಕ್ಕೆ ಬೆಲೆಯಿದೆ. ಊರು ಬಿಟ್ಟು ಹೋಗಲಾಗದ ಹೆಣ್ಣುಮಕ್ಕಳಿಗೆ ಊರಿನಲ್ಲೇ ಗೌರವದಿಂದ ದುಡಿಯುವ ದಾರಿ ಇದು. ಪಿಎಚ್.ಡಿ. ಬಾಗಿಲೂ ಇಲ್ಲಿಂದಲೇ ತೆರೆಯುತ್ತದೆ. ಪಿಎಚ್.ಡಿ. ಮಾಡುವ ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆ 2009ರಿಂದ ಇದ್ದ ಮೌಲಾನಾ ಆಜಾದ್ ರಾಷ್ಟ್ರೀಯ ಫೆಲೋಶಿಪ್ ಅನ್ನು ಕೇಂದ್ರ ಸರ್ಕಾರ 2022-23ರಿಂದ ನಿಲ್ಲಿಸಿದೆ. ನಿಂತದ್ದಕ್ಕೆ ಬೇಸರಪಡುವುದು ಸಹಜ. ಎಲ್ಲರಿಗೂ ತೆರೆದಿರುವ ಗೇಟ್ ಇನ್ನೂ ಇದೆ, ಅದರ ತಯಾರಿಗೆ ಇಳಿಯುವುದು ನಮ್ಮ ಕೈಯಲ್ಲಿದೆ.

ಇನ್ನು ನಮ್ಮ ನಿಯಮಗಳ ಬದಲಾವಣೆ.

ಟ್ರಸ್ಟಿಗೆ ಬರುವ ಹಣ ಮೂರು ಬಗೆಯದು. ಝಕಾತ್ ಒಂದು, ಸದಕಾ ಮತ್ತು ಲಿಲ್ಲಾ ಎರಡು, ಕರ್ಜೆ ಹಸನಾಗೆಂದೇ ದಾನಿಗಳು ಕೊಟ್ಟದ್ದು ಮೂರು. ಮೂರಕ್ಕೂ ಮೂರು ಖಾತೆ. ಝಕಾತ್ ಹಣ ಹಕ್ಕುದಾರರ ಸ್ವಂತಕ್ಕೇ ಸೇರಬೇಕು, ಅದನ್ನು ಸಾಲವಾಗಿ ತಿರುಗಿಸುವಂತಿಲ್ಲ ಎಂದು ಉಲೇಮಾಗಳು ತಿಳಿಸಿದ್ದಾರೆ. ಹಾಗಾಗಿ ನಿಸಾಬ್‌ಗಿಂತ ಕಡಿಮೆ ಇರುವ ವಿದ್ಯಾರ್ಥಿಗಳಿಗೆ ಅದನ್ನು ನೇರವಾಗಿ ಕೊಡುತ್ತೇವೆ. ಸಯ್ಯಿದ್ ಮನೆತನದ ಬಡ ಮಕ್ಕಳಿಗೂ, ಸ್ವಲ್ಪ ಬಂಗಾರ ಇದೆ ಎಂಬ ಕಾರಣಕ್ಕೆ ಝಕಾತ್ ಸಲ್ಲದ ಮಕ್ಕಳಿಗೂ ಲಿಲ್ಲಾ ನಿಧಿಯಿಂದ ಕೊಡುತ್ತೇವೆ. ಬೇರೆ ಧರ್ಮದ ಬಡ ವಿದ್ಯಾರ್ಥಿಗಳ ಅರ್ಜಿಯನ್ನೂ ಇದೇ ನಿಧಿಯಿಂದ ನೋಡುತ್ತೇವೆ.

ಇಲ್ಲಿ ದಾನಿಗಳಿಗೆ ಒಂದು ಮಾತು. ನಮ್ಮ ಜನ ಝಕಾತ್ ಕೊಡುವುದು ಹೆಚ್ಚಾಗಿ ರಂಜಾನ್‌ನಲ್ಲಿ. ರಂಜಾನ್ ಪ್ರತಿ ವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತದೆ. 2025ರಲ್ಲಿ ಅದು ಮಾರ್ಚ್ ಆರಂಭಕ್ಕೆ ಬಂತು, 2030ರಲ್ಲಿ ಜನವರಿಗೊಮ್ಮೆ ಡಿಸೆಂಬರ್‌ಗೊಮ್ಮೆ ಎರಡು ಸಲ ಬರಲಿದೆ. ಕಾಲೇಜಿನ ಶುಲ್ಕದ ತಿಂಗಳು ಮಾತ್ರ ಹೀಗೆ ಸರಿಯುವುದಿಲ್ಲ. ಹಣ ಬರುವ ಕಾಲಕ್ಕೂ ಮಕ್ಕಳಿಗೆ ಬೇಕಾಗುವ ಕಾಲಕ್ಕೂ ಅಂತರ ಬಿದ್ದಿದೆ. ಝಕಾತ್ ಹಣವನ್ನು ತಿಂಗಳುಗಟ್ಟಲೆ ಇಟ್ಟುಕೊಳ್ಳುವುದೂ ಸರಿಯಲ್ಲ. ಆದ್ದರಿಂದ ಲಿಲ್ಲಾ ಮತ್ತು ಕರ್ಜೆ ಹಸನಾ ನಿಧಿಗೆ ವರ್ಷದ ಯಾವ ತಿಂಗಳಲ್ಲಾದರೂ, ಎಷ್ಟಾದರೂ ಕೊಡಿ. ಶುಲ್ಕದ ಗಡುವಿನ ದಿನ ಕೆಲಸಕ್ಕೆ ಬರುವುದು ಆ ಹಣ.

ಈ ವರ್ಷದಿಂದ ಎಂ.ಟೆಕ್. ನೆರವು ಹೀಗಿರುತ್ತದೆ.

ಬಿ.ಇ. ಮೂರನೇ ಮತ್ತು ನಾಲ್ಕನೇ ವರ್ಷದ ಅರ್ಹ ವಿದ್ಯಾರ್ಥಿಗಳ ಗೇಟ್ ಅರ್ಜಿ ಶುಲ್ಕವನ್ನು ಟ್ರಸ್ಟ್ ಕಟ್ಟುತ್ತದೆ. ಹೆಣ್ಣುಮಕ್ಕಳಿಗೆ ಗೇಟ್ ಶುಲ್ಕ ಅರ್ಧ ಮಾತ್ರ, ಆ ಅರ್ಧವನ್ನೂ ನಾವೇ ಕೊಡುತ್ತೇವೆ. ಪುಸ್ತಕಗಳನ್ನು ಟ್ರಸ್ಟಿನ ಕಚೇರಿಯಿಂದ ಎರವಲು ಪಡೆದು, ಮುಗಿದ ಮೇಲೆ ಮುಂದಿನವರಿಗೆ ತಂದುಕೊಡಬೇಕು. ಪರೀಕ್ಷೆಯ 100 ಅಂಕಗಳಲ್ಲಿ 15 ಅಂಕ ಸಾಮಾನ್ಯ ಸಾಮರ್ಥ್ಯದ್ದು. ಅದಕ್ಕೆ ಎಲ್ಲ ವಿಭಾಗದವರೂ ಒಟ್ಟಿಗೆ ಕೂತು ಓದಬಹುದು. ಭಾನುವಾರ ಅದಕ್ಕಾಗಿ ಕಚೇರಿಯ ಕೋಣೆ ತೆರೆದಿರುತ್ತದೆ.

ಗೇಟ್ ಅರ್ಹತೆ ಪಡೆದು ಎಂ.ಟೆಕ್. ಸೇರುವವರಿಗೆ ವಿದ್ಯಾರ್ಥಿವೇತನದ ಬದಲು ಕರ್ಜೆ ಹಸನಾ ಕೊಡುತ್ತೇವೆ. ಮೊತ್ತ ಹೆಚ್ಚೆಂದರೆ ಆರು ತಿಂಗಳ ಶಿಷ್ಯವೇತನದಷ್ಟು, ಅಂದರೆ 74,400 ರೂಪಾಯಿ. ಬಡ್ಡಿ ಇಲ್ಲ, ಸೇವಾ ಶುಲ್ಕವೂ ಇಲ್ಲ. ಸಾಲವನ್ನು ಬರೆದು, ಸಾಕ್ಷಿ ಹಾಕಿಸಿ ಕೊಡುತ್ತೇವೆ. ಶಿಷ್ಯವೇತನ ಬರತೊಡಗಿದ ಮೇಲೆ ಸಣ್ಣ ಕಂತುಗಳಲ್ಲಿ ತೀರಿಸಬೇಕು. ನೀವು ತೀರಿಸಿದ ಹಣ ಮುಂದಿನ ವರ್ಷ ಇನ್ನೊಬ್ಬರ ಪ್ರವೇಶ ಶುಲ್ಕವಾಗುತ್ತದೆ. ಇದು ಹೊಸ ಉಪಾಯವೇನಲ್ಲ. ಜೆ.ಎನ್. ಟಾಟಾ 1892ರಲ್ಲಿ ಸ್ಥಾಪಿಸಿದ ನಿಧಿ ಇವತ್ತಿಗೂ ಉನ್ನತ ಶಿಕ್ಷಣಕ್ಕೆ ಸಾಲದ ರೂಪದಲ್ಲೇ ನೆರವು ಕೊಡುತ್ತಿದೆ. ಕಾಯಿಲೆಯಿಂದಲೋ ಮನೆಯಲ್ಲಿ ಸಾವಿನಿಂದಲೋ ತೀರಿಸಲಾಗದಿದ್ದರೆ ಬಂದು ಹೇಳಿ. ಸಮಿತಿ ಕೂತು ಮಾಫಿ ವಿಚಾರ ಮಾಡುತ್ತದೆ. ತಲೆ ಮರೆಸಿಕೊಳ್ಳಬೇಡಿ.

ಗೇಟ್ ಇಲ್ಲದೆ ಪಿ.ಜಿ.ಸಿ.ಇ.ಟಿ. ಮೂಲಕ ಎಂ.ಟೆಕ್. ಸೇರಿದವರಿಗೆ ತಿಂಗಳ ಶಿಷ್ಯವೇತನ ಇರುವುದಿಲ್ಲ. ಅವರಿಗೆ ಝಕಾತ್ ಅಥವಾ ಲಿಲ್ಲಾ ನಿಧಿಯಿಂದ ವಿದ್ಯಾರ್ಥಿವೇತನ ಮುಂದುವರಿಯುತ್ತದೆ. ಅವರು ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದ ಪ್ರತಿಯನ್ನೂ ತರಬೇಕು. ಸರ್ಕಾರದಿಂದ ಬರಬೇಕಾದದ್ದು ಬರಲಿ, ಬರದ ಕಡೆ ಟ್ರಸ್ಟಿನ ಹಣ ಹೋಗಲಿ.

ಹಣ ಕೊಡುವುದು ಇನ್ನು ಮೇಲೆ ವೇದಿಕೆಯ ಮೇಲಲ್ಲ. ಪ್ರವೇಶ ಪತ್ರ ತೋರಿಸಿದ ವಾರದೊಳಗೆ ವಿದ್ಯಾರ್ಥಿಯ ಖಾತೆಗೆ ಜಮಾ ಆಗುತ್ತದೆ. ಈ ಸಮಾರಂಭ ಮುಂದೆಯೂ ನಡೆಯುತ್ತದೆ, ಮಕ್ಕಳನ್ನು ಅಭಿನಂದಿಸುವುದಕ್ಕೆ. ಅದಕ್ಕಾಗಿ ಯಾರ ಶುಲ್ಕವೂ ಕಾಯುವುದಿಲ್ಲ. ನೆರವು ಪಡೆದವರ ಫೋಟೋ, ಹೆಸರು ಪತ್ರಿಕೆಗೆ ಕೊಡುವುದನ್ನೂ ನಿಲ್ಲಿಸಿದ್ದೇವೆ.

ಅರ್ಜಿಯ ಜೊತೆ ಬೇಕಾದವು ಇಷ್ಟೇ: ಬಿ.ಇ. ಎಲ್ಲ ಸೆಮಿಸ್ಟರ್‌ಗಳ ಅಂಕಪಟ್ಟಿ, ನಾಡಕಚೇರಿಯ ಆದಾಯ ಪ್ರಮಾಣಪತ್ರ, ಆಧಾರ್, ವಿದ್ಯಾರ್ಥಿಯ ಸ್ವಂತ ಖಾತೆಯ ಪಾಸ್‌ಬುಕ್, ಗೇಟ್ ಅಂಕಪತ್ರ ಇದ್ದರೆ ಅದು, ಪ್ರವೇಶ ಪತ್ರ. ಯಾರ ಶಿಫಾರಸು ಪತ್ರವೂ ಬೇಡ. ಅರ್ಜಿ ನಮೂನೆ ವರದಿಯ ಕೊನೆಯ ಪುಟದಲ್ಲಿದೆ, ಹರಿದುಕೊಳ್ಳಬಹುದು. ತುಂಬಲು ಬಾರದಿದ್ದರೆ ಕಚೇರಿಗೆ ಬನ್ನಿ, ಕೂತು ತುಂಬಿಕೊಡುತ್ತೇವೆ.

ಕೊನೆಯದಾಗಿ, ತಾಯಂದಿರಿಗೆ ಒಂದು ವಿನಂತಿ. ನಿಮ್ಮ ಮಗನೋ ಮಗಳೋ ಬಿ.ಇ. ಮೂರನೇ ವರ್ಷದಲ್ಲಿದ್ದರೆ ಇವತ್ತು ರಾತ್ರಿ ಊಟಕ್ಕೆ ಕೂತಾಗ ಒಂದು ಪ್ರಶ್ನೆ ಕೇಳಿ: "ಮುಂದೆ ಓದುವ ಆಸೆ ಇದೆಯಾ?" ಅವರಾಗಿ ಹೇಳುವುದಿಲ್ಲ. ಮನೆಯ ಕಷ್ಟ ಕಂಡ ಮಕ್ಕಳು ಆಸೆಯನ್ನು ನುಂಗಿಕೊಳ್ಳುತ್ತಾರೆ. ಇದೆ ಎಂದರೆ ನಾಳೆಯೇ ಕಚೇರಿಗೆ ಕಳಿಸಿ. ಇಲ್ಲ ಎಂದರೂ ಚಿಂತೆಯಿಲ್ಲ, ಕೇಳಿದಂತಾಯಿತು.

ಓದು ಎಂಬ ಆಜ್ಞೆಯಿಂದಲೇ ವಹೀ ಶುರುವಾಯಿತು ಎಂದು ನಂಬುವ ಜನ ನಾವು. ನಮ್ಮ ತಡದಿಂದ ಒಬ್ಬರ ಓದು ನಿಂತರೆ ಅದರ ಜವಾಬು ನಾವೇ ಕೊಡಬೇಕು. ಅಲ್ಲಾಹ್ ನಮ್ಮ ತಪ್ಪುಗಳನ್ನು ಕ್ಷಮಿಸಲಿ, ದಾನಿಗಳ ದಾನವನ್ನು ಸ್ವೀಕರಿಸಲಿ, ನಮ್ಮ ಮಕ್ಕಳಿಗೆ ಉಪಯುಕ್ತವಾದ ಜ್ಞಾನ ಕೊಡಲಿ. ಆಮೀನ್.